ಬೆರಳು ತೋರಿದೆಡೆಗೆ

ಎಳೆಯ ಕೂಸು ಮಾತನ್ನು ಕಿವಿಯಿಂದ ಕಲಿಯುತ್ತದೆ ಎಂಬ ನಂಬಿಕೆ ಸಹಜವಾದುದು, ಆದರೆ ಅಪೂರ್ಣವಾದುದು. ಕಿವಿಗೆ ಬೀಳುವುದು ಬರಿಯ ಧ್ವನಿ. ಆ ಧ್ವನಿಯು ಸುತ್ತ ಕಾಣುವ ನೂರು ವಸ್ತುಗಳಲ್ಲಿ ಯಾವುದನ್ನು ಕುರಿತು ಹೊರಟಿತು, ವಸ್ತುವನ್ನೇ ಕುರಿತೋ, ಅದರ ಬಣ್ಣವನ್ನು ಕುರಿತೋ, ಅದು ಉರುಳಿದ ಬಗೆಯನ್ನು ಕುರಿತೋ ಎಂಬುದನ್ನು ಧ್ವನಿಯೊಂದೇ ತಿಳಿಸಲಾರದು. ಅದನ್ನು ತಿಳಿಸುವುದು ಮಾತಾಡುವವರ ಕಣ್ಣು ಹರಿದ ದಿಕ್ಕು, ಕೈ ಚಾಚಿದ ಕಡೆ, ಮೈ ತಿರುಗಿದ ಪರಿ. ಹಿರಿಯರ ಗಮನ ಎಲ್ಲಿ ನೆಟ್ಟಿದೆಯೆಂಬುದನ್ನು ಅರಿತು ತನ್ನ ಗಮನವನ್ನೂ ಅಲ್ಲಿಗೆ ಒಯ್ಯಬಲ್ಲ ಶಕ್ತಿ, ತಾನು ಕಂಡುದರ ಕಡೆಗೆ ಹಿರಿಯರ ಗಮನವನ್ನು ಎಳೆಯಬಲ್ಲ ಶಕ್ತಿ, ಇವೆರಡೂ ಕೂಡಿ ಬಂದಾಗ ಮನಶ್ಶಾಸ್ತ್ರಜ್ಞರು ಬಹುವಾಗಿ ವಿಚಾರಿಸಿರುವ ಸಹಾವಧಾನವೆಂಬ ಸ್ಥಿತಿ ಸಿದ್ಧಿಸುತ್ತದೆ. ಇಬ್ಬರು ಒಂದೇ ವಸ್ತುವನ್ನು ನೋಡುತ್ತಿದ್ದ ಮಾತ್ರಕ್ಕೆ ಅದು ಸಹಾವಧಾನವೆನಿಸದು. ಬಸ್ಸಿಗೆ ಕಾದು ನಿಂತ ಅಪರಿಚಿತರೆಲ್ಲರೂ ಒಂದೇ ರಸ್ತೆಯನ್ನು ನೋಡುತ್ತಾರೆ. ನಾನು ನೋಡುತ್ತಿರುವುದನ್ನು ನೀನೂ ನೋಡುತ್ತಿರುವೆ, ಹಾಗೆ ನೋಡುತ್ತಿರುವುದು ನಮ್ಮಿಬ್ಬರಿಗೂ ತಿಳಿದಿದೆ ಎಂಬ ಅರಿವು ಅಲ್ಲಿರಬೇಕು.

ಇದರ ಮಹತ್ತ್ವವನ್ನು ಒಂದೇ ಭಾಷೆಯಾಡುವ ಊರಿನಲ್ಲಿ ಕಾಣುವುದಕ್ಕಿಂತ ಕೊಡಗಿನ ನೆಲ್ಯಹುದಿಕೇರಿಯಂತಹ ಊರಿನಲ್ಲಿ ಕಾಣುವುದು ಸುಲಭ. ಕಾವೇರಿಯ ಈಚೆ ದಡದಲ್ಲಿ ಈ ಊರು. ಸೇತುವೆ ದಾಟಿದರೆ ಸಿದ್ದಾಪುರದ ಪೇಟೆ. ಸುತ್ತಲೂ ಕಾಫಿಯ ತೋಟಗಳು, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಈ ತೋಟಗಳನ್ನು ಬೆಳೆಸಿದ ಕೈಗಳು ನಾನಾ ಕಡೆಗಳಿಂದ ಬಂದುವು. ಬರುವಾಗ ತಮ್ಮ ತಮ್ಮ ನುಡಿಗಳನ್ನೂ ತಂದುವು. ಕೊಡವರ ಕೊಡವತಕ್ಕ್, ಹಾಡಿಗಳ ಎರವರ ಮತ್ತು ಜೇನುಕುರುಬರ ನುಡಿಗಳು, ಘಟ್ಟದಾಚೆಯ ಮಲಯಾಳ ಮತ್ತು ತುಳು, ಬಯಲುಸೀಮೆಯಿಂದ ಬಂದ ತಮಿಳು, ಶಾಲೆಯ ಮತ್ತು ಕಚೇರಿಯ ಕನ್ನಡ, ಈಚೆಗೆ ಅಸ್ಸಾಮಿನಿಂದ ದುಡಿಯಬಂದವರ ಮಾತು, ಇವೆಲ್ಲವೂ ಕೆಲವೇ ಫರ್ಲಾಂಗುಗಳೊಳಗೆ ಕಿವಿಗೆ ಬೀಳುತ್ತವೆ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಹುಟ್ಟಿದ ಕೂಸಿನ ಮುಂದೆ ಒಂದು ಲೋಟ ಹಿಡಿದು ತಾಯಿ 'ತಣ್ಣಿ' ಎನ್ನುವಳು, ಪಕ್ಕದ ಮನೆಯ ಉಮ್ಮ 'ವೆಳ್ಳಂ' ಎನ್ನುವಳು, ಅಂಗನವಾಡಿಯ ಟೀಚರು 'ನೀರು' ಎನ್ನುವರು. ಶಬ್ದಗಳೊಂದನ್ನೇ ನಂಬಿ ಹೊರಟ ಕೂಸಾಗಿದ್ದರೆ ಈ ಗೊಂದಲದಲ್ಲಿ ಅದು ಮೂಕವಾಗಿಯೇ ಉಳಿಯಬೇಕಿತ್ತು. ಹಾಗಾಗುವುದಿಲ್ಲ. ಮೂವರ ಕಣ್ಣೂ ಆ ಲೋಟದ ಮೇಲೆಯೇ ಇದ್ದುದನ್ನು ಅದು ಕಂಡಿದೆ. ಮೂವರೂ ಅದನ್ನು ಬಾಯಿಗೆ ಹಿಡಿದು, ಮತ್ತೆ ತನ್ನ ಮುಖವನ್ನು ನೋಡಿ ನಕ್ಕುದನ್ನೂ ಕಂಡಿದೆ. ಶಾಲೆಗೆ ಸೇರುವ ವೇಳೆಗೆ ಯಾರೊಡನೆ ಯಾವ ಮಾತು ಆಡಬೇಕೆಂಬುದನ್ನೂ ಯಾರೂ ಕಲಿಸದೆಯೆ ಕಲಿತಿರುತ್ತದೆ.

ಈ ಶಕ್ತಿ ಕೂಸಿಗೆ ಹುಟ್ಟಿನೊಡನೆ ಪೂರ್ಣವಾಗಿ ಬಂದುದಲ್ಲ. ಮೊದಲ ತಿಂಗಳುಗಳಲ್ಲಿ ಅದಕ್ಕೆ ಎತ್ತಿಕೊಂಡವರ ಮುಖವೇ ಸಾಕು. ಆಮೇಲೆ ವಸ್ತುಗಳ ಹುಚ್ಚು ಹತ್ತುತ್ತದೆ, ಆಗ ಮುಖ ಮರೆತುಹೋಗುತ್ತದೆ. ಮುಖ ಮತ್ತು ವಸ್ತು ಎರಡನ್ನೂ ಒಂದೇ ಸೂತ್ರಕ್ಕೆ ಪೋಣಿಸುವ ಸಾಮರ್ಥ್ಯ ಒಂಬತ್ತನೆಯ ತಿಂಗಳಿನಿಂದ ಹದಿನೈದನೆಯ ತಿಂಗಳಿನವರೆಗಿನ ಅವಧಿಯಲ್ಲಿ ಮೆಲ್ಲಮೆಲ್ಲನೆ ಕೈಗೂಡುತ್ತದೆ. 1975ರಲ್ಲಿ ಸ್ಕೇಫ್ ಮತ್ತು ಜೆರೋಮ್ ಬ್ರೂನರ್ ಎಂಬಿಬ್ಬರು ವಿದ್ವಾಂಸರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಪ್ರಯೋಗ ಅತಿ ಸರಳವಾದುದು: ಎರಡು ತಿಂಗಳಿನಿಂದ ಹದಿನಾಲ್ಕು ತಿಂಗಳವರೆಗಿನ 34 ಕೂಸುಗಳನ್ನು ಒಂದೊಂದಾಗಿ ಎದುರು ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಅನಂತರ ಮಾತಿಲ್ಲದೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸುವುದು, ಕೂಸು ಆ ಕಡೆ ನೋಡುವುದೋ ಇಲ್ಲವೋ ಎಂದು ಬರೆದುಕೊಳ್ಳುವುದು. ಅತಿ ಎಳೆಯ ಕೂಸುಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಮಾತ್ರ ತಿರುಗಿತು. ಹನ್ನೊಂದು ತಿಂಗಳು ಮೀರಿದವುಗಳಲ್ಲಿ ತಿರುಗದ ಕೂಸೇ ಇರಲಿಲ್ಲ. ಮುಂದೆ ಬ್ರೂಕ್ಸ್ ಮತ್ತು ಮೆಲ್ಟ್ಜಾಫ್ ಎಂಬವರು ಇದೇ ದಾರಿಯಲ್ಲಿ ಸಾಗಿ ಒಂದು ಸೂಕ್ಷ್ಮವನ್ನು ಕಂಡರು. ಒಂಬತ್ತು ತಿಂಗಳ ಕೂಸು ಎದುರಿನವರು ಕಣ್ಣು ಮುಚ್ಚಿಕೊಂಡು ತಲೆ ತಿರುಗಿಸಿದರೂ ಅತ್ತ ತಿರುಗುತ್ತದೆ. ಹತ್ತು, ಹನ್ನೊಂದು ತಿಂಗಳಾಗುವಷ್ಟರಲ್ಲಿ ಮುಚ್ಚಿದ ಕಣ್ಣಿಗೆ ಮೋಸ ಹೋಗುವುದನ್ನು ಬಿಡುತ್ತದೆ. ನೋಟವೆಂದರೆ ತಲೆಯ ಚಲನೆಯಲ್ಲ, ಅದರ ಹಿಂದೆ ಕಾಣುವವನೊಬ್ಬನಿದ್ದಾನೆ ಎಂಬ ತಿಳಿವಳಿಕೆಯ ಮೊದಲ ಮೊಳಕೆ ಇದು.

ಮನುಷ್ಯನ ಕಣ್ಣಿನ ರಚನೆಯೂ ಈ ಕಾರ್ಯಕ್ಕೆ ಅನುಕೂಲವಾಗಿಯೇ ಇದೆ. ಕಪ್ಪು ಗುಡ್ಡೆಯ ಎರಡೂ ಪಕ್ಕಗಳಲ್ಲಿ ಬಿಳಿಯ ಭಾಗ ಇಷ್ಟು ವಿಸ್ತಾರವಾಗಿ ತೆರೆದು ಕಾಣುವುದು ವಾನರವರ್ಗದಲ್ಲಿ ಮನುಷ್ಯನ ವೈಶಿಷ್ಟ್ಯವೆಂಬುದನ್ನು ಜಪಾನಿನ ಕೊಬಯಾಶಿ ಮತ್ತು ಕೊಶಿಮಾ 1997ರಲ್ಲಿ ತೋರಿಸಿದರು. ನೋಟದ ದಿಕ್ಕನ್ನು ಮುಚ್ಚಿಟ್ಟುಕೊಳ್ಳುವುದು ಹಗೆಗಳ ನಡುವೆ ಬಾಳುವ ಪ್ರಾಣಿಗೆ ಲೇಸು. ಅದನ್ನು ಹೀಗೆ ಬಯಲು ಮಾಡಿಕೊಂಡು ತಿರುಗುವುದು ಪರಸ್ಪರ ನೆರವಿನಿಂದ ಬಾಳುವ ಪ್ರಾಣಿಗೆ ಮಾತ್ರ ಲಾಭಕರವಾದೀತು.

ನೋಟವನ್ನು ಅನುಸರಿಸುವುದರ ಬೆನ್ನಲ್ಲೇ ಬೆರಳು ಬರುತ್ತದೆ. ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಕೂಸು ತೋರುಬೆರಳನ್ನು ನೀಡಿ ಬೊಟ್ಟು ಮಾಡತೊಡಗುವುದನ್ನು ಕಾಣದ ತಾಯಿಯಿಲ್ಲ; ಆದರೆ ಈ ಬೊಟ್ಟಿನಲ್ಲಿ ಎರಡು ಬಗೆಯುಂಟು. ಎಲಿಜಬೆತ್ ಬೇಟ್ಸ್ 1975ರಷ್ಟು ಹಿಂದೆಯೇ ಇವನ್ನು ಬೇರ್ಪಡಿಸಿದರು. ಗೂಡಿನ ಮೇಲಿನ ಬಿಸ್ಕತ್ತಿನ ಡಬ್ಬಿಯನ್ನು ತೋರಿ ಅಳುವುದು ಬೇಡಿಕೆಯ ಬೊಟ್ಟು. ಹಲಸಿನ ಮರದ ಮೇಲಿನ ಮಂಗನನ್ನು ತೋರಿ, ಕೂಡಲೇ ತಿರುಗಿ ತಾಯಿಯ ಮುಖವನ್ನು ನೋಡುವುದು ಇನ್ನೊಂದು ಬಗೆಯದು. ಮಂಗನನ್ನು ತಂದುಕೊಡೆಂದು ಅದರ ಅರ್ಥವಲ್ಲ, ತಾನು ಕಂಡ ಸೋಜಿಗದಲ್ಲಿ ನೀನೂ ಪಾಲುಗೊಳ್ಳೆಂಬುದು ಅದರ ಅರ್ಥ. ಇದು ನಿಜವೋ, ಹಿರಿಯರ ಕಲ್ಪನೆಯೋ ಎಂದು ಶಂಕಿಸಿದವರೂ ಇದ್ದರು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಲಿಷ್ಕೌಸ್ಕಿ, ಟೊಮಸೆಲ್ಲೊ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಆ ಶಂಕೆಯನ್ನು ಬಹುಮಟ್ಟಿಗೆ ಪರಿಹರಿಸಿತು. ಹನ್ನೆರಡು ತಿಂಗಳ ಕೂಸುಗಳು ದೂರದಲ್ಲಿ ಮೂಡಿದ ಗೊಂಬೆಯನ್ನು ತೋರಿಸಿದಾಗ ಎದುರಿನ ಹಿರಿಯರು ಕೆಲವೊಮ್ಮೆ ಗೊಂಬೆಯನ್ನಷ್ಟೇ ನೋಡಿದರು, ಕೆಲವೊಮ್ಮೆ ಕೂಸಿನ ಮುಖವನ್ನಷ್ಟೇ ನೋಡಿ ಮುದ್ದಿಸಿದರು, ಕೆಲವೊಮ್ಮೆ ಎರಡನ್ನೂ ಕಡೆಗಣಿಸಿದರು, ಕೆಲವೊಮ್ಮೆ ಗೊಂಬೆಯನ್ನೂ ಕೂಸನ್ನೂ ಸರದಿಯಂತೆ ನೋಡಿ ಹರ್ಷ ತೋರಿದರು. ಈ ಕಡೆಯ ರೀತಿಯಲ್ಲಿ ಮಾತ್ರ ಕೂಸುಗಳು ತೃಪ್ತಿಗೊಂಡು, ಮುಂದಿನ ಗೊಂಬೆಯನ್ನೂ ಉತ್ಸಾಹದಿಂದ ತೋರಿಸುತ್ತ ಹೋದುವು. ಉಳಿದ ರೀತಿಗಳಲ್ಲಿ ಒಂದೇ ಗೊಂಬೆಯನ್ನು ಮತ್ತೆ ಮತ್ತೆ ತೋರಿಸಿ ಬೇಸತ್ತುವು. ಬರಿಯ ಮುದ್ದೂ ಸಾಲಲಿಲ್ಲವೆಂಬುದು ನಮ್ಮ ಅಜ್ಜಿಯರಿಗೆ ಸ್ವಲ್ಪ ಅಪಥ್ಯವಾಗಬಹುದಾದರೂ ಸತ್ಯ.

ಭಾಷೆಗಿಂತ ಮೊದಲು ಈ ಶಕ್ತಿಯಿಂದ ಕೂಸಿಗೆ ಒದಗುವುದು ಸಮಾಜದ ಬದುಕು. ನೆಲ್ಯಹುದಿಕೇರಿಯ ಸುತ್ತಿನಲ್ಲಿ ಮುಸ್ಸಂಜೆಯ ಹೊತ್ತು ತೋಟದ ತಗ್ಗಿನಿಂದ ಕೊಂಬೆ ಮುರಿದ ಸದ್ದು ಬಂದಿತೆನ್ನಿ. ಜಗುಲಿಯ ಮೇಲಿನ ಮಾತು ಥಟ್ಟನೆ ನಿಲ್ಲುತ್ತದೆ. ನಾಯಿ ಒಂದೇ ಕಡೆಗೆ ಮೂತಿ ಮಾಡಿ ಬೊಗಳುತ್ತದೆ. ದೊಡ್ಡವರ ತಲೆಗಳೆಲ್ಲ ಆ ಕತ್ತಲೆಯ ಬೇಲಿಯತ್ತ ತಿರುಗುತ್ತವೆ. ಕೂಸಿಗೆ ಯಾರೂ ಏನನ್ನೂ ಹೇಳಿಲ್ಲ. ತಾಯಿಯ ಸೊಂಟದ ಮೇಲಿರುವ ಅದು ಮೊದಲು ಅವಳ ಮುಖವನ್ನು ನೋಡುತ್ತದೆ, ಆಮೇಲೆ ಅವಳ ಕಣ್ಣು ಹರಿದ ಕಡೆಗೆ ನೋಡುತ್ತದೆ, ಮತ್ತೆ ಅವಳ ಮುಖಕ್ಕೆ ಹಿಂದಿರುಗಿ ಸೆರಗನ್ನು ಬಿಗಿಯಾಗಿ ಹಿಡಿಯುತ್ತದೆ. ಆನೆಯನ್ನು ಕಾಣುವ ಮೊದಲೇ ಆನೆಯ ವಿಷಯದಲ್ಲಿ ಏನನ್ನು ಭಾವಿಸತಕ್ಕದ್ದು ಎಂಬುದನ್ನು ಅದು ಕಲಿತಾಯಿತು. 1985ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಗಾಜು ಹೊದಿಸಿದ ಹುಸಿ ಹಳ್ಳವೊಂದರ ಅಂಚಿಗೆ ವರ್ಷದ ಕೂಸುಗಳನ್ನು ತಂದು, ಆಚೆ ಬದಿಯಲ್ಲಿ ತಾಯಂದಿರನ್ನು ನಿಲ್ಲಿಸಿದ್ದರು. ತಾಯಿ ಹರ್ಷದ ಮುಖ ತೋರಿದಾಗ 19 ಕೂಸುಗಳಲ್ಲಿ 14 ದಾಟಿ ಬಂದುವು. ಭಯದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಕಾಡಾನೆಯ ಹಾದಿಯಲ್ಲಿ ಬಾಳುವ ಕುಟುಂಬಗಳಿಗೆ ಈ ಅಂಕಿಗಳು ಹೊಸದೇನನ್ನೂ ಹೇಳಲಾರವು.

ಇನ್ನು ಮಾತಿನ ವಿಚಾರ. ತಾಯಿ ಕೂಸಿನೊಡನೆ ಎಷ್ಟು ಮಾತಾಡಿದಳು ಎಂಬುದನ್ನಷ್ಟೇ ಎಣಿಸುವವರಿಗೆ ಟೊಮಸೆಲ್ಲೊ ಮತ್ತು ಫರಾರ್ 1986ರಲ್ಲಿ ಒಂದು ತಿದ್ದುಪಡಿಯನ್ನು ಸೂಚಿಸಿದರು. ಕೂಸು ಆಗಲೇ ಯಾವ ವಸ್ತುವಿನಲ್ಲಿ ಮಗ್ನವಾಗಿದೆಯೋ ಅದರ ಹೆಸರನ್ನು ಹೇಳಿದರೆ ಆ ಶಬ್ದ ಸುಲಭವಾಗಿ ನಾಟುತ್ತದೆ. ಕೂಸಿನ ಗಮನವನ್ನು ಅಲ್ಲಿಂದ ಕಿತ್ತು ಇನ್ನೊಂದಕ್ಕೆ ಹಚ್ಚಿ ಹೇಳಿದ ಹೆಸರು ಅಷ್ಟಾಗಿ ನಿಲ್ಲದು. ಚೆಂಡನ್ನು ಹಿಡಿದ ಕೂಸಿಗೆ ಚಿತ್ರಪಟದ ಸೇಬನ್ನು ತೋರಿಸಿ ಪಾಠ ಹೇಳುವ ಉತ್ಸಾಹಿ ತಂದೆಗಳು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಕೂಸೇನೂ ಕೈಕಟ್ಟಿ ಕೂರುವುದಿಲ್ಲ. ತನ್ನ ಪಾಲಿನ ಕೆಲಸವನ್ನು ಮಾಡುತ್ತದೆ. ಡೇರ್ ಬಾಲ್ಡ್ವಿನ್ ಅವರ ಪ್ರಯೋಗಗಳಲ್ಲಿ ಒಂದೂವರೆ ವರ್ಷದ ಕೂಸುಗಳು ಒಂದು ಆಟಿಕೆಯನ್ನು ಕೈಯಲ್ಲಿ ಹಿಡಿದಿದ್ದಾಗ, ಹಿರಿಯರು ಬಕೆಟ್ಟಿನೊಳಗಿದ್ದ ಬೇರೊಂದು ಆಟಿಕೆಯನ್ನು ಇಣಿಕಿ ನೋಡುತ್ತ ಹೊಸ ಹೆಸರೊಂದನ್ನು ಉಚ್ಚರಿಸಿದರು. ಧ್ವನಿಯೂ ವಸ್ತುವೂ ಒಟ್ಟಿಗೆ ಬಂದರೆ ಕಲಿಕೆಯಾಗುತ್ತದೆಂಬ ಹಳೆಯ ಸಿದ್ಧಾಂತದಂತೆ ಕೂಸುಗಳು ಕೈಯಲ್ಲಿದ್ದುದಕ್ಕೇ ಆ ಹೆಸರನ್ನು ಅಂಟಿಸಬೇಕಿತ್ತು. ಅವು ತಲೆಯೆತ್ತಿ ಮಾತಾಡಿದವರ ಕಣ್ಣನ್ನು ಹುಡುಕಿದುವು; ಹೆಸರು ಬಕೆಟ್ಟಿನೊಳಗಿನದಕ್ಕೆ ಸೇರಿದುದೆಂದು ಸರಿಯಾಗಿ ತಿಳಿದುವು. 2003ರಲ್ಲಿ ಪೆಟ್ರೀಶಿಯ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಿದರು. ಎದುರು ಕುಳಿತು ಆಟವಾಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಹಿಡಿದುವು. ಅದೇ ಜನ ಅದೇ ಮಾತನ್ನು ಪರದೆಯ ಮೇಲೆ ಆಡಿದಾಗ ಏನನ್ನೂ ಹಿಡಿಯಲಿಲ್ಲ.

ಇಲ್ಲಿಗೆ ಬಂದ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕು ಕೂಡ. ಈ ಪ್ರಯೋಗಗಳಲ್ಲಿ ಬಹುಪಾಲು ನಡೆದುದು ತಾಯಿ ಮಗು ಇಬ್ಬರೇ ಜಮಖಾನೆಯ ಮೇಲೆ ಎದುರುಬದುರು ಕುಳಿತು ಆಟಿಕೆಗಳೊಡನೆ ಆಡುವ ನಿಶ್ಶಬ್ದವಾದ ಕೋಣೆಗಳಲ್ಲಿ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ರೊಬಸ್ಟಾ ಕಾಫಿಯ ಕುಯ್ಲಿಗೆ ಬೆಳಿಗ್ಗೆಯೇ ಹೊರಟು ಸಂಜೆಗೆ ಮರಳುವ ತಾಯಿಗೆ ಅಂತಹ ಕೋಣೆಯೆಲ್ಲಿ, ಅಂತಹ ಬಿಡುವೆಲ್ಲಿ? 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಅವರ ಎಳೆಯ ಮಕ್ಕಳಿಗೆ ಶಿಶುವಿಹಾರವಿರತಕ್ಕದ್ದೆಂದು ವಿಧಿಸಿತ್ತು. ಆದರೆ ಕೊಡಗಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು, ಅಲ್ಲಿ ಆ ಕಾಯಿದೆಯ ಕೈ ಮುಟ್ಟಲಿಲ್ಲ. ಕೂಸು ಅಜ್ಜಿಯೊಡನೆಯೋ, ಏಳೆಂಟು ವರ್ಷದ ಅಕ್ಕನೊಡನೆಯೋ, ಇಲ್ಲವೆ ಗಿಡಗಳ ಸಾಲಿನ ಕೊನೆಯಲ್ಲಿ ಹಾಸಿದ ಚೀಲದ ಮೇಲೆಯೋ ದಿನ ಕಳೆಯುತ್ತದೆ. ಹಾಗಾದರೆ ಈ ಮಕ್ಕಳಿಗೆ ಸಹಾವಧಾನದ ಭಾಗ್ಯವಿಲ್ಲವೆ?

ಇದೆ, ಅದನ್ನು ಕಾಣಬೇಕಾದರೆ ಮುಖಗಳನ್ನು ಬಿಟ್ಟು ಕೈಗಳನ್ನು ನೋಡಬೇಕು. ಸಂಜೆ ಅಳತೆಗೆ ಮುಂಚೆ ಕೊಯ್ದ ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಎಲೆ, ಕಡ್ಡಿ, ಹಸಿರು ಕಾಯಿಗಳನ್ನು ಆರಿಸಿ ತೆಗೆಯುವ ಕೆಲಸವೊಂದುಂಟು. ನಾಲ್ಕಾರು ಹೆಂಗಸರು ರಾಶಿಯ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು, ಲೆಕ್ಕ ಬರೆಯುವ ರೈಟರು ಬರುವುದರೊಳಗೆ ಮುಗಿಸುವ ಅವಸರದಲ್ಲಿ, ಬಾಯಿಯಲ್ಲಿ ಊರಿನ ಸುದ್ದಿ ಆಡುತ್ತ ಕೈಯಲ್ಲಿ ಕಾಯಿ ಆರಿಸುತ್ತಿರುತ್ತಾರೆ. ಬದಿಯಲ್ಲಿ ಕುಳಿತ ವರ್ಷ ಚಿಲ್ಲರೆಯ ಕೂಸಿನ ಕಣ್ಣು ಅಜ್ಜಿಯ ಬೆರಳುಗಳನ್ನೇ ಹಿಂಬಾಲಿಸುತ್ತದೆ: ಕೆಂಪು ಇತ್ತ ಉಳಿಯಿತು, ಹಸಿರು ಅತ್ತ ಹೋಯಿತು. ಅದೂ ಒಂದನ್ನು ಹೆಕ್ಕಿ, ಬಾಯಿಗೆ ಒಯ್ಯಲೋ ಬೇಡವೋ ಎಂದು ಕ್ಷಣಕಾಲ ಅನುಮಾನಿಸಿ, ಅಜ್ಜಿಯ ಕಡೆಗೆ ಚಾಚುತ್ತದೆ. ಅಜ್ಜಿ ಸುದ್ದಿಯನ್ನು ನಿಲ್ಲಿಸುವುದಿಲ್ಲ, ಮುಖವನ್ನೂ ಪೂರ್ತಿ ತಿರುಗಿಸುವುದಿಲ್ಲ. ಅರೆಗಣ್ಣಿನಿಂದ ನೋಡಿ 'ಇದು ಪಳಂ' (ಹಣ್ಣು) ಎಂದು ಹೇಳಿ ಅದನ್ನು ರಾಶಿಗೆ ಹಾಕುವಳು. ಇಷ್ಟೇ ಸಾಕು. ಇಂಡಿಯಾನಾ ವಿಶ್ವವಿದ್ಯಾಲಯದ ಚೆನ್ ಯು ಮತ್ತು ಲಿಂಡಾ ಸ್ಮಿತ್ 2013ರಲ್ಲಿ ತಾಯಿ ಮಕ್ಕಳ ಕಣ್ಣಿನ ಚಲನೆಯನ್ನು ಯಂತ್ರಗಳಿಂದ ಅಳೆದು ತೋರಿಸಿದುದು ಇದನ್ನೇ. ವರ್ಷದ ಕೂಸುಗಳು ಆಟದ ನಡುವೆ ತಾಯಿಯ ಮುಖವನ್ನು ನೋಡುವುದು ತೀರ ವಿರಳ. ಆದರೂ ಇಬ್ಬರ ಗಮನವೂ ಒಂದೇ ವಸ್ತುವಿನಲ್ಲಿ ಕೂಡುತ್ತಿತ್ತು, ಏಕೆಂದರೆ ಇಬ್ಬರೂ ಪರಸ್ಪರರ ಕೈಗಳನ್ನು ನೋಡುತ್ತಿದ್ದರು. ಕೆಲಸಗಾರರ ಮನೆಯಲ್ಲಿ ಕೈಗಳಿಗೆ ಬರವಿಲ್ಲ.

ಬಾರ್ಬರಾ ರೋಗೋಫ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿಕೊಂಡ ನಾಲ್ಕು ನೆಲೆಗಳಲ್ಲಿ ಒಂದು ರಾಜಸ್ಥಾನದ ಧೋಲ್-ಕಿ-ಪಟ್ಟಿ ಎಂಬ ಬುಡಕಟ್ಟಿನ ಹಳ್ಳಿ; ಇನ್ನೊಂದು ಗ್ವಾಟೆಮಾಲದ ಸ್ಯಾನ್ ಪೆಡ್ರೊ. ಈ ಹಳ್ಳಿಗಳ ಹಿರಿಯರು ಮಗುವಿಗಾಗಿಯೇ ಪಾಠದ ಸನ್ನಿವೇಶವನ್ನು ಕಟ್ಟುವುದು ಕಡಮೆ. ತಮ್ಮ ಕೆಲಸದ ನಡುವೆ ಮಗು ನೋಡಿ ಕಲಿಯಲೆಂದು ಬಿಟ್ಟು, ಅದು ಕೈ ಚಾಚಿದಾಗ ನೆರವಿಗೆ ಸಿದ್ಧರಾಗಿರುತ್ತಿದ್ದರು. ಅಮೆರಿಕದ ನಗರದ ಮಕ್ಕಳು ಒಂದನ್ನು ಬಿಟ್ಟು ಇನ್ನೊಂದಕ್ಕೆ ಗಮನ ಹಾಯಿಸುತ್ತಿದ್ದರೆ, ಸ್ಯಾನ್ ಪೆಡ್ರೊದ ಮಕ್ಕಳು ಏಕಕಾಲದಲ್ಲಿ ಎರಡು ಮೂರು ಸಂಗತಿಗಳ ಮೇಲೆ ಕಣ್ಣಿಟ್ಟಿರಬಲ್ಲವರಾಗಿದ್ದರು. ನಮ್ಮ ದೇಶದವರಿಗೆ ಇದು ಅಚ್ಚರಿಯಾಗಬೇಕಿಲ್ಲ. ಶಬ್ದದ ಅರ್ಥವನ್ನು ಮಗು ಹೇಗೆ ಅರಿಯುತ್ತದೆಂಬ ಪ್ರಶ್ನೆಯನ್ನು ಪ್ರಾಚೀನ ಮೀಮಾಂಸಕರು ಎತ್ತಿದಾಗ, ಅವರು ಕಲ್ಪಿಸಿಕೊಂಡುದು ಮಗುವಿನೆದುರು ಕುಳಿತು ಪಾಠ ಹೇಳುವ ತಾಯಿಯನ್ನಲ್ಲ. ಹಿರಿಯನೊಬ್ಬನು ಇನ್ನೊಬ್ಬನಿಗೆ ಹಸುವನ್ನು ತರಹೇಳುತ್ತಾನೆ; ಆತನು ತರುತ್ತಾನೆ; ಪಕ್ಕದಲ್ಲಿ ನಿಂತ ಬಾಲಕನು ಇದನ್ನು ನೋಡುತ್ತಾನೆ. ಮತ್ತೊಮ್ಮೆ ಹಸುವನ್ನು ಕಟ್ಟಹೇಳಿದಾಗ, ಇನ್ನೊಮ್ಮೆ ಕುದುರೆಯನ್ನು ತರಹೇಳಿದಾಗ, ಯಾವ ಶಬ್ದ ಬಂದರೆ ಯಾವುದು ಬಂದಿತು, ಯಾವ ಶಬ್ದ ಹೋದರೆ ಯಾವುದು ಹೋಯಿತು ಎಂಬ ಆವಾಪೋದ್ವಾಪಗಳಿಂದ ಅರ್ಥವನ್ನು ವಿಂಗಡಿಸಿಕೊಳ್ಳುತ್ತಾನೆ. ವೃದ್ಧವ್ಯವಹಾರವೆಂದು ಅವರು ಕರೆದ ಈ ಮಾರ್ಗದಲ್ಲಿ ಮಗು ಮೂರನೆಯವನು. ಮಾತು ಅವನನ್ನು ಕುರಿತದ್ದಲ್ಲ, ಗಮನ ಮಾತ್ರ ಅವನದೂ ಹೌದು. 2001ರಲ್ಲಿ ನಮೀರಾ ಅಖ್ತರ್ ಪ್ರಯೋಗದಿಂದ ತೋರಿಸಿದುದೂ ಎರಡೂವರೆ ವರ್ಷದೊಳಗಿನ ಮಕ್ಕಳು ಹಿರಿಯರಿಬ್ಬರ ಮಾತನ್ನು ಬದಿಯಲ್ಲಿ ಕುಳಿತು ಕೇಳಿ ಹೊಸ ಶಬ್ದಗಳನ್ನು ಕಲಿಯಬಲ್ಲರೆಂಬುದನ್ನೇ. ಮೀಮಾಂಸಕರ ತರ್ಕದಲ್ಲಿ ಮಗುವಿನ ಬೆರಳಿಗೆ ಸ್ಥಾನವಿರಲಿಲ್ಲವೆಂಬುದೊಂದು ಕೊರತೆ. ಬಾಲಕನು ನೋಡುವವನಾಗಿದ್ದನೇ ಹೊರತು ತೋರಿಸುವವನಾಗಿರಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಬಡವರ ಮಗುವಿಗೆ ಬೇಕಾದುದು ಬಣ್ಣದ ಆಟಿಕೆಯೂ ಅಲ್ಲ, ಇಂಗ್ಲಿಷ್ ಪದ್ಯ ಹಾಡುವ ಪರದೆಯೂ ಅಲ್ಲ. ಅದರ ಬೆರಳಿಗೆ ಉತ್ತರ ಕೊಡುವ ಒಬ್ಬ ದೊಡ್ಡವರು ಬಳಿಯಲ್ಲಿರಬೇಕು, ಅವರಿಗೆ ಅಷ್ಟಾದರೂ ಉಸಿರಾಡುವ ಬಿಡುವಿರಬೇಕು. ಏಳೆಂಟು ವರ್ಷದ ಅಕ್ಕ ಆಟದಲ್ಲಿ ಒಳ್ಳೆಯ ಜತೆಗಾರ್ತಿ, ಆದರೆ ಅವಳು ಇರಬೇಕಾದ ಸ್ಥಳ ಶಾಲೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ'ಯಂತಹ ವ್ಯವಸ್ಥೆಯನ್ನು ಅಳೆಯುವಾಗ ಕಟ್ಟಡ, ಹಾಲು, ತೊಟ್ಟಿಲುಗಳ ಲೆಕ್ಕದೊಡನೆ, ಎಷ್ಟು ಕೂಸುಗಳಿಗೆ ಎಷ್ಟು ಜನ ಪಾಲಕಿಯರೆಂಬ ಲೆಕ್ಕವನ್ನೂ ಕೇಳಬೇಕು. ಹದಿನೈದು ಬೆರಳುಗಳಿಗೆ ಒಬ್ಬಳೇ ಉತ್ತರ ಕೊಡಲಾರಳು. ಉಳ್ಳವರ ಮನೆಯ ಬಡತನ ಬೇರೆ ಬಗೆಯದು. ರೀಡ್, ಹಿರ್ಷ್-ಪಾಸೆಕ್ ಮತ್ತು ಗೋಲಿಂಕಾಫ್ 2017ರಲ್ಲಿ ಎರಡು ವರ್ಷದ ಮಕ್ಕಳಿಗೆ ತಾಯಂದಿರಿಂದಲೇ ಎರಡು ಹೊಸ ಶಬ್ದಗಳನ್ನು ಕಲಿಸಿದರು. ಒಂದರ ನಡುವೆ ಮಾತ್ರ ತಾಯಿಯ ಮೊಬೈಲಿಗೆ ಕರೆ ಬರುವಂತೆ ಮಾಡಿದರು. ಶಬ್ದವನ್ನು ಹೇಳಿದ ಸಲಗಳು ಎರಡಕ್ಕೂ ಸಮವಾಗಿದ್ದರೂ ಕರೆಯಿಂದ ಮುರಿದ ಶಬ್ದವನ್ನು ಮಕ್ಕಳು ಕಲಿಯಲಿಲ್ಲ.

ಎಲ್ಲ ಮಕ್ಕಳಲ್ಲೂ ಈ ಶಕ್ತಿ ಒಂದೇ ದಾರಿಯಲ್ಲಿ ಬರುವುದಿಲ್ಲ. ಕುರುಡು ಕೂಸಿಗೆ ನೋಟದ ದಾರಿ ಮುಚ್ಚಿದೆ, ಸ್ಪರ್ಶ ಮತ್ತು ಧ್ವನಿಯ ದಾರಿ ತೆರೆದಿದೆ. ವಸ್ತುವಿನ ಮೇಲೆ ಇಬ್ಬರ ಕೈಗಳೂ ಕೂಡಿದಾಗ ಅಲ್ಲಿಯೂ ಸಹಾವಧಾನವುಂಟಾಗುತ್ತದೆ. ಕಿವುಡ ತಾಯಂದಿರು ಕೂಸಿನ ಮೈಯನ್ನು ಮೆಲ್ಲನೆ ತಟ್ಟಿ, ಅದರ ಕಣ್ಣಳತೆಯೊಳಗೆ ಕೈಯಾಡಿಸಿ ಸಂಜ್ಞೆಯ ಮಾತನ್ನು ಕಲಿಸುತ್ತಾರೆ. ಆಟಿಸಂ ಇರುವ ಮಕ್ಕಳಲ್ಲಿ ಬೇಡಿಕೆಯ ಬೊಟ್ಟು ಇದ್ದರೂ, ಕಂಡ ಸೋಜಿಗವನ್ನು ಹಂಚಿಕೊಳ್ಳುವ ಬೊಟ್ಟು ತಡವಾಗುವುದು ಅಥವಾ ಬಾರದಿರುವುದು ಬಹುಮುಖ್ಯವಾದ ಮುನ್ಸೂಚನೆಗಳಲ್ಲಿ ಒಂದು. ಮಾತು ಬಾರದಿರುವುದಕ್ಕಿಂತ ಎಷ್ಟೋ ಮೊದಲೇ ಅದು ಕಾಣಿಸಿಕೊಳ್ಳುತ್ತದೆ, ಸಹಾವಧಾನವನ್ನೇ ಗುರಿಯಾಗಿಟ್ಟ ತರಬೇತಿಯಿಂದ ಇಂತಹ ಮಕ್ಕಳ ಮಾತು ಸುಧಾರಿಸುವುದೆಂಬುದಕ್ಕೂ ಪ್ರಮಾಣಗಳಿವೆ. ನಮ್ಮ ಮನೆಗಳಲ್ಲಾದರೋ ಗಂಡು ಮಕ್ಕಳು ತಡವಾಗಿ ಮಾತಾಡುತ್ತವೆ, ಇವನ ಅಪ್ಪನೂ ಹಾಗೆಯೇ ಇದ್ದ ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷಗಳು ಉರುಳಿಹೋಗುತ್ತವೆ. ಆದಕಾರಣ ಓದುಗರಲ್ಲಿ ಒಂದು ಬಿನ್ನಹ: ಒಂದೂವರೆ ವರ್ಷ ತುಂಬಿದರೂ ಕೂಸು ಯಾವುದನ್ನೂ ಬೊಟ್ಟು ಮಾಡಿ ತೋರಿಸದಿದ್ದರೆ, ನೀವು ತೋರಿಸಿದ ಕಡೆಗೆ ನೋಡದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಕಾಯಬೇಡಿ. ಅಂಗನವಾಡಿಯಲ್ಲಿ ಹೇಳಿ, ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕೊಡಗಿಗೆ ಹತ್ತಿರದ ಮೈಸೂರಿನಲ್ಲಿಯೇ ಇದೆ.